ರತ್ನಿಯ ಪಾಲಿನ ಹುಗ್ಗಿ

ಮೊನ್ನೆ ನನ್ನ ಬ್ಯಾಗನ್ನು ತಲೆಕೆಳಗು ಮಾಡಿ ಜಾಡಿಸಿದಾಗ ಒಂದು ಸ್ಟೀಲ್ ಚಮಚದ ಜೊತೆ ಅರಿಶಿನ ಹತ್ತಿದ ಕೆಲವು ಅಕ್ಕಿಕಾಳುಗಳು ನೆಲಕ್ಕೆ ಬಿದ್ದವು. ಬ್ಯಾಗಿನಲ್ಲಿ ಚಮಚ ಯಾಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಬ್ಯಾಗಿನಲ್ಲಿ ಬಾಚಣಿಗೆ ಇಲ್ಲದಿದ್ದೀತು, ಕರವಸ್ತ್ರ ಇಲ್ಲದಿದ್ದೀತು, ಚಮಚ ಮಾತ್ರ ಇದ್ದೇ ಇರುತ್ತದೆ. ಯಾವ ಊರಿನಲ್ಲಿ ಯಾವ ಪುಣ್ಯಾತ್ಮರು ಏನನ್ನು ರುಚಿ ನೋಡಲು ಕೊಡುತ್ತಾರೋ ಹೇಳಲು ಬರುವುದಿಲ್ಲ. ಹೊಸಪೇಟೆಯ ನಮ್ಮ ಹೈಸ್ಕೂಲಿನ ಮಕ್ಕಳು ನನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂಬುದು ನನಗೆ ಗೊತ್ತು. ಚಮಚಕ್ಕಿಂತ ನನ್ನ ಹೊಟ್ಟೆಗೇ ಆ ಹೆಸರಿನಲ್ಲಿ ಹೆಚ್ಚು ಗೌರವ ಸಂದಿದೆ. ಅದಿರಲಿ. ಚಮಚ ನನ್ನದು. ಅಕ್ಕಿಕಾಳುಗಳು ನನ್ನವಲ್ಲ. ಅವು ನನ್ನ ಉಡಿಗೇ ಬಿದ್ದವು, ಆದರೆ ನನಗೆಂದು ಹಾಕಿದ್ದಲ್ಲ.

ನನಗೂ ನನ್ನ ಸಹೋದ್ಯೋಗಿ ಮಂಜುಳಾಳಿಗೂ ರಜೆ ಬಂತೆಂದರೆ ಕಾರು ಹತ್ತಿ ತಿನ್ನಲು ಹೊರಡುವ ಚಟ. ಅವಳು ಗಾದಿಗನೂರಿನವಳು, ನನಗಿಂತ ಚಿಕ್ಕವಳು, ಕಾರು ಚೆನ್ನಾಗಿ ಓಡಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಬಾಯಾಡಿಸುತ್ತೇನೆ. ಜನ ಹಂಪಿಗೆ ಗುಡಿ ನೋಡಲು ಬಂದರೆ ನಾವು ಕಮಲಾಪುರದ ತೋಟದ ಬಾಳೆಹಣ್ಣಿಗೆ ಹೋಗುತ್ತೇವೆ. ನಮ್ಮ ಮನೆಯವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ, ನಾನು ಯಾವ ಊರಿನ ಒಲೆಯ ಮುಂದೆ ಕೂತಿದ್ದೆ ಎಂಬುದು ಅವರಿಗೆ ತಿಳಿಯುವುದು ಸಂಜೆ ನಾನು ಡಬ್ಬಿಯ ಮುಚ್ಚಳ ತೆಗೆದಾಗಲೇ.

ಆ ಸಲ ನಾವು ಹೊರಟದ್ದು ಮಹಾಲಯ ಅಮಾವಾಸ್ಯೆಯ ದಿನ. ಹಿರಿಯರ ಹಬ್ಬದ ದಿನ ತಿಂಡಿಯಾತ್ರೆಗೆ ಹೊರಡುವಷ್ಟು ಬುದ್ಧಿಗೇಡಿಗಳು ಈ ಸೀಮೆಯಲ್ಲಿ ನಾವಿಬ್ಬರೇ ಇರಬೇಕು. ಆದರೆ ಕಾರಣವಿತ್ತು. ಕಂಪ್ಲಿಯಲ್ಲಿರುವ ಮಂಜುಳಾಳ ಚಿಗವ್ವ ಪಂಪಮ್ಮ ಕುಸುಬಿ ಹಾಲಿನ ಹುಗ್ಗಿ ಮಾಡುತ್ತಾಳೆ, ಅದೂ ವರ್ಷಕ್ಕೊಮ್ಮೆ ಈ ದಿನ ಮಾತ್ರ ಎಂದು ಮಂಜುಳಾ ಯಾವಾಗಲೋ ಬಾಯಿಬಿಟ್ಟಿದ್ದಳು. ಕುಸುಬಿ ಹುಗ್ಗಿ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ನನ್ನನ್ನು ಕಟ್ಟಿಹಾಕಲು ಸಾಧ್ಯವೆ? ಮಂಜುಳಾ ಫೋನು ಮಾಡಿ, ನಮ್ಮ ಟೀಚರು ಬರುತ್ತಾರೆ ಎಂದಳು. ಆ ಕಡೆಯಿಂದ ಪಂಪಮ್ಮ ನನ್ನ ವಯಸ್ಸು ಕೇಳಿದಳಂತೆ, ಮುತ್ತೈದೆಯೋ ಎಂದು ಕೇಳಿದಳಂತೆ, ಬಡಿಸಿದ್ದನ್ನು ಪೂರ್ತಿ ಉಣ್ಣುತ್ತಾರೋ ಎಂದೂ ಕೇಳಿದಳಂತೆ. ಕೊನೆಯದರ ಬಗ್ಗೆ ಚಿಂತೆಯೇ ಬೇಡ ಎಂದು ಮಂಜುಳಾ ನನ್ನ ಪರವಾಗಿ ಮಾತು ಕೊಟ್ಟಳು. ಎಂಥ ಉಪಚಾರದ ಹೆಂಗಸು ಎಂದು ನಾನು ಒಳಗೊಳಗೇ ಹಿಗ್ಗಿದೆ.

ನಿಮ್ಮಲ್ಲಿ ಕುಸುಬಿ ಹುಗ್ಗಿ ಉಣ್ಣದವರು ಇರಬಹುದು. ಎಣ್ಣೆ ತೆಗೆಯುವ ಕುಸುಬಿ ಕಾಳನ್ನು ನೆನೆಹಾಕಿ, ರುಬ್ಬಿ, ತೆಳ್ಳನೆಯ ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಹಾಲು ಬರುತ್ತದೆ. ಆ ಹಾಲಿನಲ್ಲಿ ಕುಟ್ಟಿದ ಗೋಧಿಯನ್ನು ಬೇಯಿಸಿ ಬೆಲ್ಲ ಹಾಕಬೇಕು. ನನ್ನ ಅಜ್ಜಿ ಮಾಡುತ್ತಿದ್ದಳು. ಬಟ್ಟೆಯನ್ನು ಮೆಲ್ಲಗೆ ಹಿಂಡಬೇಕು, ಆಸೆಪಟ್ಟು ಒತ್ತಿದರೆ ಸಿಪ್ಪೆಯ ಕಹಿ ಇಳಿಯುತ್ತದೆ ಎಂದು ಅವಳು ನಮ್ಮ ಕೈ ಮೇಲೆ ಬಡಿಯುತ್ತಿದ್ದಳು. ಹಿರಿಯರ ಹಬ್ಬದ ದಿನ ಈ ಹುಗ್ಗಿ ಎಡೆಗೆ ಹೋಗುತ್ತಿತ್ತು. ಎಡೆಯ ಅಡಿಗೆಯನ್ನು ಮಾಡಿದವರೂ ರುಚಿ ನೋಡುವಂತಿಲ್ಲ, ನೋಡಿದರೆ ಎಂಜಲು. ಬಾಳೆಯೆಲೆಯ ಮೇಲೆ ಎಲ್ಲವನ್ನೂ ಬಡಿಸಿ, ತಾತ ಇದ್ದಾಗ ಸೇದುತ್ತಿದ್ದ ಬೀಡಿಯ ಕಟ್ಟನ್ನೂ ಇಟ್ಟು, ಅಜ್ಜಿ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಬಂದು ಕೂರುತ್ತಿದ್ದಳು. ಒಳಗೆ ಅವರು ಉಣ್ಣಲಿ ಎಂದು. ಮಕ್ಕಳಾದ ನಾವು ಬಾಗಿಲಿಗೆ ಕಿವಿ ಹಚ್ಚಿ ಸಾಲಾಗಿ ನಿಲ್ಲುತ್ತಿದ್ದೆವು. ಒಮ್ಮೆ ನನಗೆ ಒಳಗಿನಿಂದ ಯಾರೋ ಸೊರ್ ಎಂದು ಹೀರಿದ ಸದ್ದು ಕೇಳಿಸಿತು. ಅಜ್ಜಿಗೆ ಹೇಳಿದರೆ, ಬೆಕ್ಕು ಇರಬೇಕು ಎಂದಳು. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಅಂದು ಬೆಳಿಗ್ಗೆ ನಾವು ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಬಂಡಿಯಲ್ಲಿ ಒಗ್ಗಾಣಿ ಮಿರ್ಚಿಯಿಂದ ಶುರು ಮಾಡಿದೆವು. ಒಗ್ಗರಣೆ ಹಾಕಿದ ಮಂಡಕ್ಕಿ, ಬಾಣಲೆಯಿಂದ ಆಗತಾನೆ ಎತ್ತಿದ ಮಿರ್ಚಿ. ಬಂಡಿಯವನು ಮೊದಲು ಎತ್ತಿದ ಮಿರ್ಚಿಗಳನ್ನು ಒಂದು ಕಾಗದದಲ್ಲಿ ಹಾಕಿ ಒಲೆಯ ಪಕ್ಕ ಇಟ್ಟ. ನಾನು ಕೈಚಾಚಿದೆ. ಅವು ಅಪ್ಪಗೆ, ನಿಮಗೆ ಬೇರೆ ಕೊಡುತ್ತೇನೆ ಎಂದ. ಅಪ್ಪ ಎಲ್ಲಿ ಎಂದು ಸುತ್ತ ನೋಡಿದೆ. ಅವನು ಕಡಲೆಹಿಟ್ಟು ಕಲಸತೊಡಗಿದ. ಮಂಜುಳಾ ನನ್ನನ್ನು ತಿವಿದಳು.

ಸಂಡೂರಿಗೆ ಹೋದರೆ ಪ್ರತಿ ಮನೆಯ ಒಳಗಿನಿಂದಲೂ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು, ಬಾಗಿಲುಗಳು ಮಾತ್ರ ಮುಚ್ಚಿದ್ದವು. ಅದಿರಿನ ಕೆಂಪು ಧೂಳು ಕೂತ ಮಾಳಿಗೆಗಳ ಮೇಲೆ ಎಲೆಗಳಲ್ಲಿ ಅನ್ನ, ಹೋಳಿಗೆ, ವಡೆ ಇಟ್ಟಿದ್ದರು. ಜನ ಮಾಳಿಗೆಯ ಅಂಚಿಗೆ ನಿಂತು ಕಾಗೆಗಳನ್ನು ಕರೆಯುತ್ತಿದ್ದರು. ಒಂದು ಕಾಗೆಯೂ ಇರಲಿಲ್ಲ. ಅಷ್ಟೊಂದು ಅಡಿಗೆ, ಅಷ್ಟೊಂದು ಕರೆ, ಉಣ್ಣುವವರು ಮಾತ್ರ ಕಾಣುತ್ತಿಲ್ಲ. ತೆರೆದಿದ್ದ ಒಂದೇ ಖಾನಾವಳಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಸಿಕ್ಕಿತು. ಇಡೀ ಖಾನಾವಳಿಯಲ್ಲಿ ನಾವಿಬ್ಬರೇ ಇದ್ದುದರಿಂದ ಬಡಿಸುವವಳು ಬಲವಂತ ಮಾಡಿ ಮಾಡಿ ಬಡಿಸಿದಳು. ಬೇಡ ಎನ್ನುವ ಮಾತನ್ನು ನಾನು ಚಿಕ್ಕಂದಿನಲ್ಲೇ ಕಲಿಯಬೇಕಿತ್ತು. ಕಾಡಿನ ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರ ಹತ್ತಿರ ಸೀತಾಫಲ ಕೊಂಡು ಕಾರಿನಲ್ಲೇ ಮುಗಿಸಿದೆ.

ಹಂಪಿಯಲ್ಲಿ ಇಳಿಯುವ ಯೋಚನೆ ಇರಲಿಲ್ಲ. ಸೀತಾಫಲ ಇಳಿಯಲೆಂದು ನಾಲ್ಕು ಹೆಜ್ಜೆ ನಡೆಯಲು ಇಳಿದೆವು. ನೀವು ನೋಡಿರಬಹುದು, ಅಲ್ಲಿ ಒಂದು ಕಡೆ ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನ ತಟ್ಟೆಗಳನ್ನು ಸಾಲಾಗಿ ಕಡೆದಿದ್ದಾರೆ. ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು, ಸಾರಿಗೊಂದು. ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ, ಆಗೆಲ್ಲ ಅದು ಪಾಠವಾಗಿತ್ತು. ಅಂದು ಅಲ್ಲಿ ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಹಿಂದಿನ ದಿನದ ಮಳೆಯ ನೀರು ಗುಳಿಗಳಲ್ಲಿ ನಿಂತು, ಎಲ್ಲ ತಟ್ಟೆಗೂ ಏನೋ ಬಡಿಸಿಟ್ಟ ಹಾಗೆ ಕಾಣುತ್ತಿತ್ತು. ನಾನು ಒಂದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕಲಸಿ ಉಣ್ಣುವ ನಟನೆ ಮಾಡಿದೆ. ಮಂಜುಳಾ ನಗಲಿಲ್ಲ. ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಇವತ್ತಿನ ದಿನ ಖಾಲಿ ತಾಟಿನ ಮುಂದ ಕುಂತು ಉಂಡಂಗ ಮಾಡಬಾರ್ದಕ್ಕ" ಎಂದಳು.

ಕಮಲಾಪುರ ದಾಟಿ, ಎರಡೂ ಕಡೆ ಕಬ್ಬು, ಭತ್ತ ಶುರುವಾದ ಮೇಲೆ ಅವಳು ಕಾರಿನ ವೇಗ ತಗ್ಗಿಸಿ ನಿಜ ಹೇಳಿದಳು. ಪಂಪಮ್ಮನಿಗೆ ರತ್ನಾ ಎಂಬ ಮಗಳಿದ್ದಳು. ಬಂಡ್ರಿಗೆ ಕೊಟ್ಟಿದ್ದರು. ಒಂದು ಹಿರಿಯರ ಹಬ್ಬಕ್ಕೆ ತವರಿಗೆ ಬಂದವಳು ತಾಯಿಯ ಜೊತೆ ಯಾವುದೋ ಸಣ್ಣ ಮಾತಿಗೆ ಜಗಳವಾಡಿ, ಹುಗ್ಗಿ ಒಲೆಯ ಮೇಲೆ ಇರುವಾಗಲೇ ಬ್ಯಾಗು ಎತ್ತಿಕೊಂಡು ಹೊರಟಳು. ತಾಯಿಗೂ ಸಿಟ್ಟು, ಓಣಿಯ ತಿರುವಿನಲ್ಲಿ ಹೇಗೂ ತಿರುಗಿ ಬರುತ್ತಾಳೆಂದು ಕೂಗಿ ಕರೆಯಲಿಲ್ಲ. ಅವಳು ತಿರುಗಲಿಲ್ಲ. ವಾರ ಕಳೆಯುವುದರೊಳಗೆ ಗಂಡನ ಮನೆಯಲ್ಲಿ ಜ್ವರ ಬಂದು ತೀರಿಕೊಂಡಳು.

ಮುತ್ತೈದೆಯಾಗಿ ಸತ್ತವಳ ಹೆಸರಿನಲ್ಲಿ ಬದುಕಿರುವ ಒಬ್ಬ ಮುತ್ತೈದೆಯನ್ನು ಕರೆದು, ಸತ್ತವಳ ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಅವಳಿಗೆ ಪ್ರಿಯವಾದದ್ದನ್ನು ಉಣ್ಣಿಸುವುದು ಆ ಮನೆಯ ಪದ್ಧತಿ. ಕೂತವಳು ಉಂಡರೆ ಹೋದವಳು ಉಂಡ ಹಾಗೆ. ಆದರೆ ರತ್ನಾಳ ಪಾಲಿನ ಹುಗ್ಗಿಯನ್ನು ಇದುವರೆಗೆ ಯಾರಿಗೂ ಮುಗಿಸಲು ಆಗಿಲ್ಲ. ವರ್ಷ ವರ್ಷವೂ ಅದು ಕಹಿಯಾಗುತ್ತದೆ. ಒಬ್ಬಳು ಕೈ ತೊಳೆಯುತ್ತೇನೆಂದು ಎದ್ದವಳು ಹಿಂದಿನ ಬಾಗಿಲಿನಿಂದಲೇ ಹೋಗಿಬಿಟ್ಟಳು. ಇನ್ನೊಬ್ಬಳು ಗಂಟಲು ಬಿಗಿಯುತ್ತದೆ ಎಂದು ಅಳುತ್ತ ಎದ್ದಳು. ರತ್ನಿಯ ಸಿಟ್ಟು ಇನ್ನೂ ಇಳಿದಿಲ್ಲ, ತಾಯಿಯ ಕೈಯಡಿಗೆಯನ್ನು ಅವಳು ಒಪ್ಪುತ್ತಿಲ್ಲ ಎಂದು ಓಣಿಯೆಲ್ಲ ಮಾತಾಯಿತು. ಈಗ ಆ ಓಣಿಯ ಹೆಂಗಸರು ಯಾರೂ ಬರುವುದಿಲ್ಲ. ಇದೇ ಕೊನೆಯ ವರ್ಷ, ಇನ್ನು ಈ ಪದ್ಧತಿ ಸಾಕು ಎಂದು ಪಂಪಮ್ಮನ ಮಗ ಹೇಳಿದ್ದಾನೆ. ಮುದುಕಿಗೆ ಇರುವುದು ಒಂದೇ ಆಸೆ: ಕಣ್ಣು ಮುಚ್ಚುವ ಮೊದಲು ಒಂದು ಸಲ ಮಗಳ ತಟ್ಟೆ ಖಾಲಿಯಾದದ್ದನ್ನು ನೋಡಬೇಕು.

ನೀನೇ ಕೂರಬಹುದಿತ್ತಲ್ಲ ಎಂದೆ. ಮಂಜುಳಾ ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಕುಂತಿದ್ದೆ ಅಕ್ಕ, ಒಂದ್ಸಲ. ನನ್ನ ಕೈಲಿ ಆಗಲಿಲ್ಲ."

ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕಾರು ತಿರುಗಿಸು ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು ಕಡೆ: ಒಗ್ಗಾಣಿ, ಮಿರ್ಚಿ, ಸಜ್ಜೆ ರೊಟ್ಟಿ, ಸೀತಾಫಲ ಎಲ್ಲವೂ ಗಂಟಲಿನವರೆಗೆ ತುಂಬಿದ್ದವು. ಒಬ್ಬ ತಾಯಿಯ ಇಷ್ಟು ವರ್ಷಗಳ ಕಾಯುವಿಕೆ ಬಂದು ನಿಂತದ್ದು ನನ್ನ ಹೊಟ್ಟೆಯ ಮೇಲೆ, ಅದೂ ಅದರಲ್ಲಿ ಒಂದು ತುತ್ತಿಗೂ ಜಾಗವಿಲ್ಲದ ದಿನ. ನನ್ನ ಹೊಟ್ಟೆಬಾಕತನದ ಬಗ್ಗೆ ಬದುಕಿನಲ್ಲಿ ಮೊದಲ ಸಲ ನನಗೆ ನಾಚಿಕೆಯಾಯಿತು.

ಪಂಪಮ್ಮ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಆಳು, ನೆಟ್ಟಗಿನ ಬೆನ್ನು. "ಬರ್ರಿ ಟೀಚರಮ್ಮ, ಕುಂದ್ರಿ, ಬಿಸಲಾಗ ಭಾಳ ದೂರದಿಂದ ಬಂದೀರಿ" ಎಂದು ಕಾಲಿಗೆ ನೀರು ಕೊಟ್ಟಳು. ಅವಳ ಸೊಸೆ ನನ್ನನ್ನು ಅಡಿಗೆಮನೆಯ ಮೂಲಕ ಒಳಕೋಣೆಗೆ ಕರೆದುಕೊಂಡು ಹೋದಳು. ಹೋಗುವಾಗ ಒರಳಿನ ಪಕ್ಕ ಹಿಂಡಿ ಎಸೆದ ಕುಸುಬಿ ಬಟ್ಟೆ ಕಣ್ಣಿಗೆ ಬಿತ್ತು. ಮುಟ್ಟಿ ನೋಡಿದೆ. ಒಳಗಿನ ಹಿಂಡಿ ಒಣಗಿದ ಮಣ್ಣಿನ ಹೆಂಟೆಯಷ್ಟು ಗಟ್ಟಿಯಾಗಿತ್ತು, ಒಂದು ಹನಿಯೂ ಉಳಿದಿರಲಿಲ್ಲ. ಅತ್ತೆ ಬೇರೆ ಯಾರಿಗೂ ಇದನ್ನು ಮುಟ್ಟಲು ಬಿಡುವುದಿಲ್ಲ, ಮಗಳಿಗೆಂದು ಕೊನೆಯ ಹನಿಯವರೆಗೆ ತಾನೇ ಹಿಂಡುತ್ತಾಳೆ ಎಂದು ಸೊಸೆ ಹೇಳಿದಳು. ನನಗೆ ಅಜ್ಜಿಯ ಏಟು ನೆನಪಾಯಿತು. ಹುಗ್ಗಿ ಯಾಕೆ ಕಹಿಯಾಗುತ್ತದೆಂದು ತಿಳಿಯಿತು. ರುಚಿ ನೋಡುವಂತಿಲ್ಲವಾದ್ದರಿಂದ ಪಂಪಮ್ಮನಿಗೆ ಬಡಿಸುವ ಮೊದಲು ತಿಳಿಯುವ ದಾರಿಯೇ ಇರಲಿಲ್ಲ. ಹಬ್ಬದ ಮನೆಯಲ್ಲಿ, ನೀನು ಹೆಚ್ಚು ಪ್ರೀತಿಯಿಂದ ಹಿಂಡಿದ್ದೇ ತಪ್ಪು ಎಂದು ಆ ತಾಯಿಗೆ ಹೇಗೆ ಹೇಳುವುದು? ಕಾರಣ ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ.

ಸೊಸೆ ಪೆಟ್ಟಿಗೆಯಿಂದ ಹಳದಿ ಸೀರೆ ತೆಗೆದು ಉಡಿಸಿದಳು. ಮಡಿಕೆಗಳಲ್ಲಿ ನುಸಿಗುಳಿಗೆಯ ವಾಸನೆ ಇತ್ತು. ಹಸಿರು ಬಳೆಗಳು ರತ್ನಾಳವೇ. ನನ್ನ ಕೈ ಎಂಥದೆಂದರೆ ಹೊಸಪೇಟೆಯ ಬಳೆಗಾರ ಸೋಪು ಹಚ್ಚಿ, ಮೂಳೆ ಒತ್ತಿ, ನನ್ನಿಂದ ನಾಲ್ಕು ಬೈಗುಳ ತಿಂದೇ ತೊಡಿಸಬೇಕು. ಗೋಡೆಯ ಮೇಲಿನ ಫೋಟೋದಲ್ಲಿ ರತ್ನಾ ಕಡ್ಡಿಯ ಹಾಗಿದ್ದಳು. ಅವಳ ಬಳೆಗಳು ನನ್ನ ಕೈಗೆ ಸಲೀಸಾಗಿ ಇಳಿದವು. ಸೊಸೆ ಒಮ್ಮೆ ನನ್ನ ಮುಖ ನೋಡಿ ಬೇಗ ಕುಂಕುಮ ಹಚ್ಚಿದಳು.

ಪಂಪಮ್ಮ ಒಳಗೆ ಬಂದಳು. ಹೊರಗೆ ನನಗೆ ಬರ್ರಿ, ಕುಂದ್ರಿ ಎಂದಿದ್ದವಳು ಈಗ ಮಣೆ ತೋರಿಸಿ, "ಕುಂದ್ರವ್ವ" ಎಂದಳು. ಬಾಗಿಲು ಮುಚ್ಚಿದರು. ಒಳಗೆ ನಾವಿಬ್ಬರೇ. ಬಾಗಿಲಿನ ಆಚೆ ಮಕ್ಕಳು ಪಿಸುಗುಟ್ಟುತ್ತ ಕಿವಿ ಹಚ್ಚಿದ್ದು ತಿಳಿಯುತ್ತಿತ್ತು. ಚಿಕ್ಕವಳಿದ್ದಾಗ ನಾನು ನಿಲ್ಲುತ್ತಿದ್ದದ್ದು ಆ ಕಡೆ. ಇಷ್ಟು ವರ್ಷಗಳ ಮೇಲೆ ನಾನು ಈ ಕಡೆಗೆ ಬಂದು ಕೂತಿದ್ದೆ.

ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮತ್ತೆ ಅಂಚಿನವರೆಗೆ ತುಂಬಿದ ಹುಗ್ಗಿಯ ಬಟ್ಟಲು. ರೊಟ್ಟಿ, ಪಲ್ಯವನ್ನು ಹೇಗೋ ಮುಗಿಸಿದೆ. ಹುಗ್ಗಿಯ ಮೊದಲ ತುತ್ತಿಗೇ ಕಿವಿಯ ಬುಡದವರೆಗೆ ಕಹಿ ಏರಿತು. ಬೇವಿನ ಕಹಿಯಲ್ಲ, ಮೊದಲು ಬೆಲ್ಲ ಕಂಡು ಹಿಂದಿನಿಂದ ಬರುವ ಕಹಿ. ಎದುರಿಗೆ ಪಂಪಮ್ಮ ಮೊಣಕಾಲಿಗೆ ಕೈಕಟ್ಟಿ ಕೂತು, ನನ್ನ ಮುಖವನ್ನಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು. ಬಟ್ಟಲಿನಿಂದ ಬಾಯಿಗೆ, ಬಾಯಿಯಿಂದ ಬಟ್ಟಲಿಗೆ. ನಾನು ಕೈ ತಡೆದರೆ ಅವಳ ಉಸಿರೂ ನಿಲ್ಲುತ್ತಿತ್ತು. ಇನ್ನು ಒಂದೇ ತುತ್ತು, ಆಮೇಲೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದುಕೊಂಡೆ. ಅದಾದ ಮೇಲೆ ಇನ್ನೊಂದು. ನಡುವೆ ಎಲ್ಲೋ ನನಗೆ ಲೆಕ್ಕ ತಪ್ಪಿತು. ತಲೆ ಎತ್ತಿದಾಗ ಬಟ್ಟಲು ಖಾಲಿಯಾಗಿತ್ತು, ಪಂಪಮ್ಮ ಮತ್ತೆ ಬಡಿಸುತ್ತಿದ್ದಳು. ಅದನ್ನೂ ಉಂಡೆ.

ನೀವಾಗಿಯೇ ಕೇಳಿದಿರಿ ಎಂದು ಆಮೇಲೆ ಮಂಜುಳಾ ಹೇಳಿದಳು. ಬಾಗಿಲಿನ ಹೊರಗೆ ಎಲ್ಲರಿಗೂ ಕೇಳಿಸಿತಂತೆ: "ಇನ್ನೊಂದೀಟು ಹಾಕಬೇ." ನಾನು ಹಾಗೆ ಕೇಳಿದ ನೆನಪು ನನಗಿಲ್ಲ. ಎರಡನೇ ಸಲ ಹಾಕಿಸಿಕೊಳ್ಳಲು ನನಗೆ ದೆವ್ವದ ಸಹಾಯವೇನೂ ಬೇಕಿಲ್ಲ, ಅದನ್ನು ನಮ್ಮ ಸ್ಕೂಲಿನ ಬಿಸಿಯೂಟದವರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ತಾಯಿಯನ್ನು 'ಬೇ' ಎಂದು ಯಾರೂ ಮಾತಾಡಿಸಿದ್ದಿಲ್ಲ. ಆ ಮಾತು ನನ್ನ ಬಾಯಲ್ಲಿ ಹುಟ್ಟಿದ್ದಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ, ಇದನ್ನು ನಮ್ಮ ಮನೆಯವರಿಗೂ ಹೇಳಿಲ್ಲ. ಅಂದು ಸಂಜೆ ಮನೆ ತಲುಪಿದಾಗ ನನಗೆ ತಡೆಯಲಾಗದ ಹಸಿವು. ಬೆಳಗಿನಿಂದ ಏನೂ ತಿನ್ನದವರ ಹಸಿವು. ಅಡಿಗೆಮನೆಯಲ್ಲಿ ನಿಂತುಕೊಂಡೇ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಮೊಸರಿಗೆ ಅದ್ದಿ ಅದ್ದಿ ತಿಂದೆ. ಕಂಪ್ಲಿಯಲ್ಲಿ ಅಷ್ಟು ಹುಗ್ಗಿ ಉಂಡದ್ದು ನಾನೇ ಆಗಿದ್ದರೆ ಅದೆಲ್ಲ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ನಾನು ಹಗಲು ಹೊತ್ತಿನಲ್ಲಿ ಮಾತ್ರ ಕೇಳಿಕೊಳ್ಳುತ್ತೇನೆ.

ಕೋಣೆಯಲ್ಲಿ ಊಟ ಮುಗಿದಾಗ ಪಂಪಮ್ಮ ಖಾಲಿ ಬಟ್ಟಲನ್ನು ಕೈಗೆ ತೆಗೆದುಕೊಂಡು ಒಳಗೆ ಬೆರಳಾಡಿಸಿ ನೋಡಿದಳು. ಏನೂ ಇರಲಿಲ್ಲ. ಅವಳು ಅಳಲಿಲ್ಲ, ನಗಲೂ ಇಲ್ಲ. ನನ್ನ ಉಡಿಗೆ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಹಾಕಿದಳು. ಉಟ್ಟ ಸೀರೆಯಲ್ಲೇ ಹೊಸಿಲು ದಾಟಬೇಕು ಎಂದು ಸೊಸೆ ಹೇಳಿಕೊಟ್ಟಳು. ಬಾಗಿಲು ತೆರೆದರು. ನಡುಮನೆಯಲ್ಲಿ ಮಗ, ಮಕ್ಕಳು, ಮಂಜುಳಾ ಎಲ್ಲರೂ ಗೋಡೆಗೆ ಒತ್ತಿ ನಿಂತು ನನಗೆ ದಾರಿ ಬಿಟ್ಟರು. ಹೊಸಿಲು ದಾಟಿ ಹೊರಗಿನ ಮೆಟ್ಟಿಲಿಗೆ ಕಾಲಿಟ್ಟ ನಾನು, ಹುಟ್ಟಿದಾಗಿನಿಂದ ಯಾರ ಮನೆಯಿಂದ ಹೊರಟರೂ ಹೇಳುವ ಮಾತನ್ನೇ ಹಿಂದಿರುಗಿ ಹೇಳಿಬಿಟ್ಟೆ.

"ಬರ್ತೀನಿ ಯವ್ವ."

ಮಂಜುಳಾ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಳು. ಮಗ ಒಂದು ಮಗುವನ್ನು ಎಳೆದು ತನ್ನ ಹಿಂದಕ್ಕೆ ಹಾಕಿಕೊಂಡ. ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು ಎಂದು ನಮಗೆಲ್ಲ ಎಳೆತನದಿಂದ ಕಲಿಸಿದ್ದಾರೆ. ಆದರೆ ಅಂದು ಆ ಹಳದಿ ಸೀರೆ ಉಟ್ಟು ಹೊರಟವಳು ಬರುತ್ತೇನೆ ಎನ್ನಬಾರದಾಗಿತ್ತು. ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ಆಡಿಯಾಗಿತ್ತು.

ಪಂಪಮ್ಮ ಹೊಸಿಲಿನವರೆಗೆ ಬಂದಳು. ಕೈಚಾಚಿ ನನ್ನ ಕೆನ್ನೆ ಮುಟ್ಟಿದಳು. ಅವಳ ಬೆರಳಿನಲ್ಲಿ ಇನ್ನೂ ಕುಸುಬಿಯ ಎಣ್ಣೆ ವಾಸನೆ ಇತ್ತು.

"ಬ್ಯಾಡ ನನ್ನವ್ವ. ಹೊಟ್ಟಿ ತುಂಬ ಉಂಡೀದಿ. ಇನ್ನ ಬರಬ್ಯಾಡ."

ನಾನು ಮೆಟ್ಟಿಲ ಮೇಲೆ ನಿಂತಿರುವಾಗಲೇ ಅವಳು ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಚಿಲಕದ ಹಿಂದೆ ಅವಳು ಅಳುವುದು ಕೇಳಿಸಿತು. ಅದು ನನ್ನ ತವರಲ್ಲ, ಆ ಓಣಿಗೆ ನಾನು ಅಂದೇ ಮೊದಲ ಸಲ ಬಂದವಳು. ಆದರೂ ಆ ಮುಚ್ಚಿದ ಬಾಗಿಲನ್ನು ಬಡಿದು, ಯವ್ವಾ, ತೆಗಿ ಎಂದು ಕೂಗಬೇಕೆನ್ನಿಸಿತು. ಮಂಜುಳಾ ನನ್ನ ಕೈ ಬಿಡದೆ ಎಳೆದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದಳು.